ಪಲ್ಲವಿಗೆ ಮರಳದ ಹಾಡು

2006ರ ಚಳಿಗಾಲ. ಬೆಳಗಿನ ಏಳು ಗಂಟೆಗೆ ಹರ್ಕ್ಯುಲಿಸ್ ಎಂಬ ಊರಿನ ಬಸ್ ನಿಲ್ದಾಣದ ಪಕ್ಕ ಸಾಲಿನಲ್ಲಿ ನಿಂತಿದ್ದೆ. ಬಸ್ಸಿಗಲ್ಲ, ಯಾರದೋ ಕಾರಿಗೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದ ಊರುಗಳಲ್ಲಿ ಆಗ ‘ಕ್ಯಾಶುವಲ್ ಕಾರ್‌ಪೂಲ್’ ಎಂಬ ಏರ್ಪಾಡು ಜೋರಾಗಿತ್ತು. ಕಾರಿನಲ್ಲಿ ಮೂರು ತಲೆ ಇದ್ದರೆ ಹೆದ್ದಾರಿಯಲ್ಲಿ ಬೇರೆಯೇ ಲೇನು ಸಿಗುತ್ತಿತ್ತು, ಬೇ ಬ್ರಿಜ್‌ನ ಟೋಲೂ ಮಾಫಿ. ಅದಕ್ಕಾಗಿ ಒಬ್ಬರೇ ಆಫೀಸಿಗೆ ಹೊರಟವರು ಸಾಲಿನ ಮುಂದೆ ಕಾರು ನಿಲ್ಲಿಸುವರು. ಗುರುತು ಪರಿಚಯವಿಲ್ಲದ ಇಬ್ಬರು ಹತ್ತಿ ಕೂರುವರು. ಸೇತುವೆ ದಾಟಿ ಇಳಿಯುವಾಗ ಒಂದು ಥ್ಯಾಂಕ್ಸ್, ಅಷ್ಟೇ. ಕಾಸಿನ ಮಾತಿಲ್ಲ. ಕಟ್ಟಳೆ ಒಂದೇ: ಕಾರಿನವನು ಮಾತಾಡಿಸದೆ ನೀನು ಮಾತಾಡಬೇಡ, ಅವನು ಹಾಕಿದ್ದನ್ನು ಕೇಳಿಕೊಂಡು ಕೂತಿರು.

ಸಾಮಾನ್ಯವಾಗಿ ಹಾಕುತ್ತಿದ್ದದ್ದು ರೇಡಿಯೋ ವಾರ್ತೆ. ಅವತ್ತಿನ ಕಾರಿನವನು ಮಾತ್ರ ಸಿ.ಡಿ. ಹಾಕಿದ್ದ. ವಯಸ್ಸು ಮೂವತ್ತೈದರ ಆಸುಪಾಸು, ಮೊಣಕೈವರೆಗೆ ಹಚ್ಚೆ, ಹಿಂದಿನ ಸೀಟಿನ ತುಂಬ ಮಗುವೊಂದು ಉದುರಿಸಿದ್ದ ಬಿಸ್ಕತ್ತಿನ ಪುಡಿ. ಬರ್ಕ್ಲಿ ಹತ್ತಿರ ಕೊಲ್ಲಿಯ ನೀರು ಕಾಣಿಸುವ ಕಡೆ ಒಂದು ಹಾಡು ಶುರುವಾಯಿತು. ಗಿಟಾರಿನ ಅಬ್ಬರ. ನನಗೆ ಆಗ ಅಮೆರಿಕಕ್ಕೆ ಬಂದು ಆರು ತಿಂಗಳು, ಇಂಥ ಸಂಗೀತದ ಗಂಧಗಾಳಿ ಇಲ್ಲ. ಆ ಹಾಡು ಮುಗಿಯಿತು ಅಂದುಕೊಂಡೆ, ಇನ್ನೊಂದು ಬಂತು. ಅದೂ ಮುಗಿಯಿತು, ಮತ್ತೊಂದು. ನಾಲ್ಕನೆಯದು ಶುರುವಾದಾಗ ಸುಮ್ಮನೆ ಸ್ಟೀರಿಯೋದ ಪುಟ್ಟ ಪರದೆಯ ಕಡೆ ನೋಡಿದೆ. ಟ್ರ್ಯಾಕ್ ಸಂಖ್ಯೆ 2 ಅಂತಿತ್ತು. ಐದನೆಯದು ಬಂದಾಗಲೂ 2.

ಕಟ್ಟಳೆ ಮುರಿದು ಕೇಳಿಯೇಬಿಟ್ಟೆ, ಇದೆಲ್ಲ ಒಂದೇ ಹಾಡಾ ಅಂತ.

“ಒಂದೇ. ನಮ್ಮೂರಿನವನ ಹಾಡು” ಅಂದ.

ನಿಮ್ಮೂರು ಯಾವುದು ಎಂದದ್ದಕ್ಕೆ ಹೆಸರು ಹೇಳಿದ. ಹೆದ್ದಾರಿಯ ಬೋರ್ಡಿನಲ್ಲಿ ಓದಿದ್ದ ಹೆಸರೇ. “ಓ, ರೋಡಿಯೋ” ಎಂದೆ.

“ರೊಡೇಯೊ” ಎಂದು ತಿದ್ದಿ, ಮತ್ತೆ ರಸ್ತೆ ನೋಡತೊಡಗಿದ. ಟೋಲ್ ಗೇಟು ಬಂದಿತ್ತು.

ಆ ಹಾಡು ಗ್ರೀನ್ ಡೇ ಎಂಬ ಪಂಕ್ ರಾಕ್ ಬ್ಯಾಂಡಿನ ‘ಜೀಸಸ್ ಆಫ್ ಸಬರ್ಬಿಯಾ’. 2004ರ ಸೆಪ್ಟೆಂಬರ್‌ನಲ್ಲಿ ಬಂದ ‘ಅಮೆರಿಕನ್ ಈಡಿಯಟ್’ ಆಲ್ಬಮ್ಮಿನ ಎರಡನೇ ಹಾಡು. ಒಟ್ಟು 9 ನಿಮಿಷ 8 ಸೆಕೆಂಡು, ಐದು ಭಾಗ, ಒಂದೊಂದಕ್ಕೂ ಬೇರೆ ಹೆಸರು. ಅಲ್ಲಿಂದ ಇಲ್ಲಿಗೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಬರೆಯಲು ಈಗ ಯಾಕೆ ಕೂತೆ ಅನ್ನುವುದು ಕೊನೆಗೆ ಬರುತ್ತದೆ.

ಒಂಬತ್ತು ನಿಮಿಷ ಅಂದರೆ ನಮಗೇನು ಮಹಾ ಅನ್ನಿಸಬಹುದು. ಒಂದು ಆಲಾಪನೆಗೇ ಅಷ್ಟು ಹೊತ್ತು ಬೇಕು. ಆದರೆ ಪಂಕ್ ಹಾಡಿಗೆ ಒಂಬತ್ತು ನಿಮಿಷ ಎನ್ನುವುದು ಬೈಗುಳವನ್ನು ಷಟ್ಪದಿಯಲ್ಲಿ ಬರೆದ ಹಾಗೆ. ಪಂಕ್ ಹುಟ್ಟಿದ್ದೇ ಉದ್ದದ ವಿರುದ್ಧ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ರಾಕ್ ಸಂಗೀತ ಭಾರೀ ಪಂಡಿತರ ಸೊತ್ತಾಗಿ ಹೋಗಿತ್ತು. ರೆಕಾರ್ಡಿನ ಒಂದು ಇಡೀ ಮುಖ ತುಂಬುವ ಹಾಡು, ಹತ್ತು ನಿಮಿಷದ ಕೀಬೋರ್ಡ್ ಕಸರತ್ತು. 1976ರಲ್ಲಿ ನ್ಯೂಯಾರ್ಕಿನ ರಮೋನ್ಸ್ ಎಂಬ ಪಂಕ್ ಬ್ಯಾಂಡಿನವರು ತಮ್ಮ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿ ಕೈ ತೊಳೆದುಕೊಂಡರು. ಅದರ ಹಿಂದೆಯೇ ಇಂಗ್ಲೆಂಡಿನ ಒಂದು ಸೈಕ್ಲೋಸ್ಟೈಲ್ ತರಹದ ಕಿರುಪತ್ರಿಕೆಯಲ್ಲಿ ಗಿಟಾರಿನ ಮೂರು ಕಾರ್ಡ್ಸ್‌ಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗೆ, ಬೆರಳಿಡುವ ಚಿತ್ರ ಬಂತು. ಇದೊಂದು, ಇದು ಇನ್ನೊಂದು, ಇದು ಮೂರನೆಯದು, ಈಗ ಹೋಗಿ ಬ್ಯಾಂಡ್ ಕಟ್ಟಿ ಎಂಬುದು ಅದರ ಒಕ್ಕಣೆ. ಗುರುವೂ ಬೇಡ, ಅಭ್ಯಾಸಗಾನವೂ ಬೇಡ.

ಸಂಗೀತ ಗೊತ್ತಿದ್ದವರಿಗೆ ಇಲ್ಲಿ ಒಂದು ಸಣ್ಣ ಮಾತು, ಬೇಡವಾದವರು ದಾಟಿಹೋಗಿ. ಪಂಕ್‌ನ ಗಿಟಾರಿನಲ್ಲಿ ಹೆಚ್ಚಾಗಿ ನುಡಿಸುವುದು ಪವರ್ ಕಾರ್ಡ್ಸ್. ಅದರಲ್ಲಿರುವುದು ಷಡ್ಜ ಮತ್ತು ಪಂಚಮ, ಗಾಂಧಾರ ಇಲ್ಲ. ಸಂತೋಷವೋ ದುಃಖವೋ ಎಂದು ಹೇಳಬೇಕಾದ್ದು ಗಾಂಧಾರ. ಅದನ್ನೇ ತೆಗೆದುಬಿಟ್ಟರೆ ಉಳಿಯುವುದು ಬರೀ ನಿಲುವು, ನೆಲಕ್ಕೆ ಗಟ್ಟಿಯಾಗಿ ಊರಿದ ಕಾಲು. ನಮ್ಮ ತಂಬೂರಿಯೂ ಸಾಮಾನ್ಯವಾಗಿ ನುಡಿಯುವುದು ಆ ಎರಡನ್ನೇ. ವ್ಯತ್ಯಾಸ ಇಷ್ಟೇ, ತಂಬೂರಿ ಬೇರೆಯವರು ಹಾಡಲಿ ಅಂತ ಜಾಗ ಬಿಟ್ಟುಕೊಡುತ್ತದೆ, ಇದು ಯಾರಿಗೂ ಜಾಗ ಕೊಡುವುದಿಲ್ಲ.

ಅಂಥ ಮನೆತನದ ಬ್ಯಾಂಡು ಯಾಕೆ ಒಂಬತ್ತು ನಿಮಿಷದ ಕಥನಕವನಕ್ಕೆ ಕೈ ಹಾಕಿತು? ಅದಕ್ಕೊಂದು ಹಿನ್ನೆಲೆ ಇದೆ. ಗ್ರೀನ್ ಡೇ ಮೂವರ ಬ್ಯಾಂಡು: ಹಾಡುವ, ಗಿಟಾರ್ ನುಡಿಸುವ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರಿನ ಮೈಕ್ ಡರ್ನ್ಟ್, ಡ್ರಮ್ಸಿನ ಟ್ರೇ ಕೂಲ್. 1994ರಲ್ಲಿ ‘ಡೂಕಿ’ ಆಲ್ಬಮ್ಮು ಅವರನ್ನು ಜಗತ್ತಿಗೆಲ್ಲ ಪರಿಚಯಿಸಿತು. 2000ದ ಹೊತ್ತಿಗೆ ಕಾವು ಇಳಿದಿತ್ತು. 2003ರಲ್ಲಿ ಹೊಸ ಆಲ್ಬಮ್ಮಿಗೆಂದು ಇಪ್ಪತ್ತರಷ್ಟು ಹಾಡು ಮುದ್ರಿಸಿಟ್ಟಿದ್ದರು, ಸ್ಟುಡಿಯೋದಿಂದ ಅದರ ಮಾಸ್ಟರ್ ಟೇಪುಗಳು ಕಳುವಾದವು. ಮತ್ತೆ ಅದನ್ನೇ ಹಾಡಬಹುದಿತ್ತು. ನಿರ್ಮಾಪಕ ರಾಬ್ ಕವಾಲೊ ಜತೆ ಕೂತು, ಕಳೆದುಹೋದದ್ದು ನಿಜಕ್ಕೂ ನಮ್ಮ ಅತ್ಯುತ್ತಮ ಕೆಲಸವಾಗಿತ್ತೇ ಎಂದು ಕೇಳಿಕೊಂಡರು. ಅಲ್ಲ ಅನ್ನಿಸಿತು. ಕಳ್ಳ ಯಾರೋ ಪಾಪ, ಅವನಿಗೊಂದು ನಮಸ್ಕಾರ.

ಆಮೇಲೆ ನಡೆದದ್ದು ಹುಡುಗಾಟ. ಒಂದು ದಿನ ಸ್ಟುಡಿಯೋದಲ್ಲಿ ಒಬ್ಬನೇ ಇದ್ದ ಮೈಕ್ ಡರ್ನ್ಟ್ ಅರ್ಧ ನಿಮಿಷದ ಒಂದು ಹಾಡು ಮಾಡಿಟ್ಟ. ಬಿಲ್ಲಿ ಜೋ ಬಂದು ಅದರ ಬಾಲಕ್ಕೆ ಇನ್ನರ್ಧ ನಿಮಿಷ ಕಟ್ಟಿದ, ಟ್ರೇ ಕೂಲ್ ತನ್ನದೊಂದು. ಅಂತ್ಯಾಕ್ಷರಿ ಆಟದಂತೆ ಬೆಳೆದ ಆ ತುಣುಕುಗಳು ‘ಹೋಮ್‌ಕಮಿಂಗ್’ ಎಂಬ ಇನ್ನೊಂದು ಐದು ಭಾಗದ ಹಾಡಾದವು. ಅದು ಆಲ್ಬಮ್ಮಿನ ಕೊನೆಯಿಂದ ಎರಡನೆಯದು. ಅಂದರೆ ಮೊದಲಿನಿಂದ ಎರಡನೆಯ ಹಾಡು ಮನೆ ಬಿಡುವುದು, ಕೊನೆಯಿಂದ ಎರಡನೆಯದು ಮನೆಗೆ ಬರುವುದು, ನಡುವೆ ಅಲೆದಾಟ. ಇಂಥ ಸರಮಾಲೆಯ ಹಾಡಿಗೆ ರಾಕ್‌ನಲ್ಲೇ ಒಬ್ಬ ಹಿರಿಯಣ್ಣ ಇದ್ದಾನೆ, 1966ರಲ್ಲಿ ‘ದ ಹೂ’ ಬ್ಯಾಂಡು ಮಾಡಿದ ಆರು ಭಾಗಗಳ ಕಿರು ಒಪೆರಾ. ಅದೂ ಸುಮಾರು ಒಂಬತ್ತು ನಿಮಿಷವೇ. ಪಂಕ್‌ನಲ್ಲಿಯೇ 1999ರಲ್ಲಿ ‘ನೋಫೆಕ್ಸ್’ ಬ್ಯಾಂಡಿನ ಹದಿನೆಂಟು ನಿಮಿಷದ ‘ದ ಡಿಕ್ಲೈನ್’ ಬಂದಿತ್ತು. ಬಲ್ಲವರು ಅದನ್ನು ಇದಕ್ಕಿಂತ ಮೇಲೆ ಇಡುತ್ತಾರೆ. ನನಗೆ ಹಿಡಿಸಲಿಲ್ಲ. ಅದು ವಾದ ಮಾಡುತ್ತದೆ, ಅಮೆರಿಕ ಹೇಗೆ ಕುಸಿಯುತ್ತಿದೆ ಎಂದು ಸಾಕ್ಷಿ ಒದಗಿಸುತ್ತದೆ. ಇಲ್ಲಿ ಒಬ್ಬ ಹುಡುಗ ಇದ್ದಾನೆ. ನನಗೆ ಹುಡುಗ ಬೇಕು.

ಹುಡುಗನ ಊರು ಯಾವುದೆಂದು ಹಾಡು ಹೇಳುವುದಿಲ್ಲ. ಆದರೆ ಬಿಲ್ಲಿ ಜೋನ ಊರು ರೊಡೇಯೊ. ಹರ್ಕ್ಯುಲಿಸ್‌ನಿಂದ ಒಂದು ಗುಡ್ಡ ದಾಟಿದರೆ ಸಿಗುತ್ತದೆ. (ಹರ್ಕ್ಯುಲಿಸ್ ಅಂದರೆ ಗ್ರೀಕ್ ವೀರ ಅಂತ ನಾನು ಮೊದಲು ಹೆಮ್ಮೆಪಟ್ಟಿದ್ದೆ. ಅದು ಡೈನಮೈಟ್‌ನ ಹೆಸರು. ಊರು ಹುಟ್ಟಿದ್ದು ಸಿಡಿಮದ್ದಿನ ಕಾರ್ಖಾನೆಯ ಸುತ್ತ.) ರೊಡೇಯೊದಲ್ಲಿ ಇದ್ದದ್ದು ಕಚ್ಚಾ ತೈಲ ಶುದ್ಧೀಕರಣ ಘಟಕ, 1896ರಿಂದ 2024ರವರೆಗೆ. ಇಂಟರ್‌ಸ್ಟೇಟ್ 80ರಲ್ಲಿ ಉತ್ತರಕ್ಕೆ ಹೋದರೆ ಗುಡ್ಡದ ಇಳಿಜಾರಿನ ಮೇಲೆ ತೊಟ್ಟಿಗಳು ಒಂದರ ಪಕ್ಕ ಒಂದು ಕೂತಿರುವುದು ಕಾಣುತ್ತದೆ. ರಾತ್ರಿ ಹೊತ್ತು ದೀಪ ಹೊತ್ತಿಕೊಂಡಾಗ ಜಾತ್ರೆ ನಡೆಯುತ್ತಿದೆಯೇನೋ ಅನ್ನಿಸುತ್ತದೆ, ಹತ್ತಿರ ಹೋದರೆ ಒಬ್ಬರೂ ಇರುವುದಿಲ್ಲ.

ಬಿಲ್ಲಿ ಜೋ ಆರು ಮಕ್ಕಳಲ್ಲಿ ಕೊನೆಯವನು. ಅಪ್ಪ ಜಾಝ್ ನುಡಿಸುತ್ತಿದ್ದ, ಹೊಟ್ಟೆಪಾಡಿಗೆ ಟ್ರಕ್ ಓಡಿಸುತ್ತಿದ್ದ. 1982ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ, ಹುಡುಗನಿಗೆ ಹತ್ತು ವರ್ಷ. ಅಮ್ಮ ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದಳು. ಬ್ಯಾಂಡಿನ ಮೊದಲ ಕಛೇರಿ ನಡೆದದ್ದೂ 1987ರಲ್ಲಿ ಅವಳು ಕೆಲಸ ಮಾಡುತ್ತಿದ್ದ ವಲೇಹೊ ಊರಿನ ಆ ಹೋಟೆಲಿನಲ್ಲೇ. ಹದಿನೆಂಟು ತುಂಬುವ ಮೊದಲೇ ಅವನು ಶಾಲೆ ಬಿಟ್ಟ.

ಈಗ ಹಾಡಿಗೆ ಬರೋಣ.

ಮೊದಲು ಶೀರ್ಷಿಕೆ. ‘ಬಡಾವಣೆಯ ಏಸು’ ಅಂತ ಕನ್ನಡಕ್ಕೆ ತಂದು ನೋಡಿದ್ದೆ, ಆಗಲಿಲ್ಲ. ನಮ್ಮ ಬಡಾವಣೆ ಎಂಬ ಮಾತಿಗೆ ಇನ್ನೂ ಹಸಿ ಸಿಮೆಂಟಿನ ವಾಸನೆ ಇದೆ. ಸೈಟು ತಗೊಂಡದ್ದು, ಸಾಲ ಮಾಡಿದ್ದು, ಗೃಹಪ್ರವೇಶಕ್ಕೆ ಹಸು ಹತ್ತಿಸಿದ್ದು. ಅದು ಸಾಧಿಸಿದವರ ಜಾಗ. ಅಮೆರಿಕದ ಸಬರ್ಬ್ ಕೂಡ ಎರಡನೇ ಮಹಾಯುದ್ಧ ಮುಗಿದ ಮೇಲೆ ಹಾಗೆಯೇ ಶುರುವಾಯಿತು, ಆದರೆ ಹಾಡಿನ ಹುಡುಗ ಹುಟ್ಟುವ ಹೊತ್ತಿಗೆ ಆ ಸಿಮೆಂಟು ಒಣಗಿ ಬಿರುಕು ಬಿಟ್ಟಿತ್ತು. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ, ಹೋದರೂ ಇನ್ನೊಂದು ಪಾರ್ಕಿಂಗ್ ಲಾಟಿಗೆ ಮಾತ್ರ ಹೋಗಬಹುದಾದ ಊರುಗಳು. ಅಂಥಲ್ಲಿ ಒಬ್ಬ ಹುಡುಗ ತನ್ನನ್ನು ತಾನೇ ಏಸು ಅಂತ ಕರೆದುಕೊಳ್ಳುತ್ತಾನೆ. ಯಾರನ್ನೂ ಉದ್ಧರಿಸುವುದಕ್ಕಲ್ಲ. ಟಿ.ವಿ. ಮುಂದೆ ಕೂತ ಸೋಫಾವೇ ಅವನ ಶಿಲುಬೆ.

ಮೊದಲ ಭಾಗಕ್ಕೆ ಹಾಡಿನ ಹೆಸರೇ. ಎರಡು ನಿಮಿಷದೊಳಗೆ ಹುಡುಗನ ಜಾತಕ ಪೂರ್ತಿ ಸಿಗುತ್ತದೆ: ಸೋಡಾ ಕುಡಿದು, ಚಂಚಲ ಮಕ್ಕಳಿಗೆ ಕೊಡುವ ರಿಟಲಿನ್ ಮಾತ್ರೆ ನುಂಗಿ ಬೆಳೆದವನು. ನನಗೇನೂ ಆಗಿಲ್ಲ, ನಾನು ಇರಬೇಕಾದ್ದೇ ಹೀಗೆ ಎಂದು ಸಾಧಿಸುವವನು. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳುವ ಕಡೆ ಎರಡು ಪದದ ಒಂದು ಕಿಡಿಗೇಡಿತನ ಇದೆ. ‘ಮಾಮ್ಸ್ ಅಂಡ್ ಡ್ಯಾಡ್ಸ್’ ಅನ್ನಬೇಕಾದ ಕಡೆ ‘ಮಾಮ್ಸ್ ಅಂಡ್ ಬ್ರ್ಯಾಡ್ಸ್’ ಅಂತ ಹಾಡುತ್ತಾನೆ. ಬ್ರ್ಯಾಡ್ ಎನ್ನುವುದು ಬರೀ ಒಂದು ಗಂಡಸಿನ ಹೆಸರು. ಅಪ್ಪ ಇರಬೇಕಾದ ಜಾಗದಲ್ಲಿ ಅಮ್ಮ ಕಟ್ಟಿಕೊಂಡ ಯಾರೋ ಬಂದು ಕೂತಿದ್ದಾನೆ. ಮಲತಂದೆ ಎಂದರೆ ಸಂಬಂಧ ಒಪ್ಪಿಕೊಂಡ ಹಾಗಾಯಿತಲ್ಲ, ಅದಕ್ಕೇ ಹೆಸರು. ಆ ಪ್ರಾಸ ಕಿವಿಗೆ ಬೀಳಲು ನನಗೆ ಎರಡು ವರ್ಷ ಬೇಕಾಯಿತು.

ಇದೆಲ್ಲವನ್ನು ಯಾವ ರಾಗದ ಮೇಲೆ ಹೇಳುತ್ತಾನೆ ಅನ್ನುವುದು ಇನ್ನೂ ಮಜಾ. ಗಿಟಾರಿನ ನಡೆ ಸ-ಧ-ಮ-ಪ, ಮತ್ತೆ ಸ. ಐವತ್ತರ ದಶಕದಲ್ಲಿ ಅಮೆರಿಕದ ಹುಡುಗರು ಬೀದಿ ಮೂಲೆಯಲ್ಲಿ ನಿಂತು ಹುಡುಗಿಯರಿಗಾಗಿ ಹಾಡುತ್ತಿದ್ದ ಪ್ರೇಮಗೀತೆಗಳೆಲ್ಲ ನಡೆದದ್ದು ಇದೇ ಹಾದಿಯಲ್ಲಿ. ಸಬರ್ಬುಗಳು ಫಳಫಳ ಹೊಳೆಯುತ್ತಿದ್ದ ಕಾಲದ ರಾಗಕ್ಕೆ ಅವು ಹಳಸಿದ ಕಾಲದ ಮಾತು ಕೂರಿಸಿದ್ದಾನೆ. ಬೇಕೆಂದೇ ಮಾಡಿದ್ದೋ ಕೈಗೆ ಸಿಕ್ಕಿದ್ದೋ, ಕೇಳುವವನಿಗೆ ಎರಡೂ ಒಂದೇ.

ಎರಡನೆಯ ಭಾಗದ ಹೆಸರು ‘ಸಿಟಿ ಆಫ್ ದ ಡ್ಯಾಮ್ಡ್’, ಶಾಪಗ್ರಸ್ತರ ಪಟ್ಟಣ. ಗತಿ ಇಳಿಯುತ್ತದೆ, ಹುಡುಗ ಮನೆಯಿಂದ ಹೊರಗೆ ಬರುತ್ತಾನೆ. ಎಲ್ಲಿಗೆ? ಸೆವೆನ್-ಇಲೆವೆನ್ ಅಂಗಡಿಯ ಪಾರ್ಕಿಂಗ್ ಲಾಟಿಗೆ. ಅದೇ ಭೂಮಿಯ ಕೇಂದ್ರ ಅಂತಾನೆ. ಮುಂದಿನ ಚರಣದಲ್ಲಿ ಮಾಲಿನ ಕಕ್ಕಸಿನ ಗೋಡೆಯ ಮೇಲೆ ಗೀಚಿದ್ದನ್ನು ಧರ್ಮಗ್ರಂಥ ಓದುವ ಶ್ರದ್ಧೆಯಿಂದ ಓದುತ್ತಾನೆ, ಓದಿ ತಿಳಿದುಕೊಂಡದ್ದು ಇಷ್ಟು: ಭೂಮಿಯ ಕೇಂದ್ರವೇ ಲೋಕದ ಕೊನೆ. ನಗಬೇಡಿ. ಹದಿನೇಳನೇ ವಯಸ್ಸಿನಲ್ಲಿ ತಿಪಟೂರಿನ ಬಸ್ ಸ್ಟ್ಯಾಂಡಿನೆದುರಿನ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತು ನಾವೂ ಹೀಗೇ ಲೋಕದ ತೀರ್ಪು ಬರೆದವರು. ಆದರೆ ನಮ್ಮ ಬೆಂಚಿಗೂ ಅವನ ಪಾರ್ಕಿಂಗ್ ಲಾಟಿಗೂ ಒಂದು ವ್ಯತ್ಯಾಸ ಇತ್ತು. ನಾವು ಅಲ್ಲಿ ಕೂತಿದ್ದೇವೆ ಅನ್ನುವುದು ಅರ್ಧ ಗಂಟೆಯೊಳಗೆ ಮನೆಗೆ ಗೊತ್ತಾಗುತ್ತಿತ್ತು. ಅವನು ಅಲ್ಲಿ ಕೂತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ಭಾಗ ಮುಗಿಯುವುದೇ, ಯಾರಿಗೂ ಏನೂ ಅನ್ನಿಸುತ್ತಿಲ್ಲ ಎಂಬ ದೂರಿನಿಂದ.

ಮೂರನೆಯ ಭಾಗ ಶುರುವಾಗುವುದು ಅದೇ ಮಾತನ್ನು ತಿರುಗಿಸಿ ಎಸೆಯುವುದರಿಂದ. ನಿಮಗೆ ಏನೂ ಅನ್ನಿಸದಿದ್ದರೆ ನನಗೂ ಅನ್ನಿಸುವುದಿಲ್ಲ. ಈ ಕೊಂಡಿ ನನಗೆ ಬಹಳ ಇಷ್ಟ. ಗಾಯ ಮುಚ್ಚಿ ಹಕ್ಕಳೆಗಟ್ಟುವುದನ್ನು ಒಂದು ಪದದ ಮೇಲೆ ತೋರಿಸಿದ್ದಾನೆ. ಡ್ರಮ್ಸ್ ಓಡುತ್ತದೆ, ‘ಐ ಡೋಂಟ್ ಕೇರ್’ ಎಂಬುದು ಪದೇ ಪದೇ ಬರುತ್ತದೆ. ಎಷ್ಟು ಸಲ ಎಂದರೆ, ಇಷ್ಟೊಂದು ಸಲ ಹೇಳಬೇಕಾದರೆ ಇವನಿಗೆ ಬಹಳವೇ ಅನ್ನಿಸುತ್ತಿರಬೇಕು ಎಂದು ಯಾರಿಗಾದರೂ ಗೊತ್ತಾಗುವಷ್ಟು. ನಡುವೆ ಓಟ ನಿಲ್ಲಿಸಿ, ಎಲ್ಲರೂ ಆಷಾಢಭೂತಿಗಳು ಎಂದು ಒಂದೊಂದೇ ಪದ ಕುಟ್ಟಿ ಕುಟ್ಟಿ ಹೇಳುವ ಜಾಗ ಇದೆ. ಹಾಡಿನಲ್ಲಿ ಸಾಹಿತ್ಯ ಅತ್ಯಂತ ತೆಳುವಾಗಿರುವುದು ಅಲ್ಲೇ. ಯಾವ ಊರಿನ ಯಾವ ಹುಡುಗನಾದರೂ ಬರೆಯಬಹುದಾದ ಸಾಲುಗಳು. ಆದರೆ ಮೈದಾನಗಳಲ್ಲಿ ಜನ ಹೆಚ್ಚು ಜೋರಾಗಿ ಕೂಗುವುದೂ ಅವನ್ನೇ, ಏನು ಮಾಡುವುದು.

ನಾಲ್ಕನೆಯದು ಒಂದೇ ನಿಮಿಷ ಚಿಲ್ಲರೆ. ‘ಡಿಯರ್ಲಿ ಬಿಲವೆಡ್’. ಇಂಗ್ಲಿಷ್ ಬಲ್ಲ ಕ್ರೈಸ್ತರ ಕಿವಿಗೆ ಇದು ಚರ್ಚಿನ ಮದುವೆಯಲ್ಲಿ ಪಾದ್ರಿ ಬಾಯಿ ತೆರೆಯುವ ಮೊದಲ ಮಾತು, ಸೇರಿರುವ ಪ್ರಿಯರೇ ಎಂದು. ಇಲ್ಲಿ ಯಾರೂ ಸೇರಿಲ್ಲ. ಕೇಳಿಸಿಕೊಳ್ಳುತ್ತಿದ್ದೀರಾ ಎಂದು ಕೇಳಿ, ನೀವು ಹೇಳಿದ್ದೊಂದೂ ನೆನಪಿಲ್ಲ ಅನ್ನುತ್ತಾನೆ. ಗಿಟಾರಿನ ಅಬ್ಬರ ನಿಂತಿದೆ, ಹಿಂದೆಲ್ಲೋ ಮಕ್ಕಳ ಆಟಿಕೆಯ ಗಂಟೆಯಂಥ ಸಣ್ಣ ನಾದ. ತಲೆ ಕೆಟ್ಟಿರುವುದು ನಮಗೆಲ್ಲರಿಗೋ ನನಗೊಬ್ಬನಿಗೋ ಅನ್ನುವ ಪ್ರಶ್ನೆಯನ್ನು ಲಾಲಿಯ ಧಾಟಿಯಲ್ಲಿ ಕೇಳುತ್ತಾನೆ. ಮೊದಲ ಭಾಗದಲ್ಲಿ ನನಗೇನೂ ಆಗಿಲ್ಲ ಎಂದಿದ್ದವನು ಇವನೇ. ನನ್ನ ಮಟ್ಟಿಗೆ ಇಡೀ ಹಾಡು ಈ ಒಂದು ನಿಮಿಷಕ್ಕಾಗಿ ಇದೆ. ಕಾರ್‌ಪೂಲಿನ ಕಾರಿನಲ್ಲಿ ನಾನು ಪರದೆಯ ಕಡೆ ನೋಡಿದ್ದೂ ಇಲ್ಲೇ.

ಐದನೆಯದು ‘ಟೇಲ್ಸ್ ಆಫ್ ಅನದರ್ ಬ್ರೋಕನ್ ಹೋಮ್’, ಮುರಿದ ಇನ್ನೊಂದು ಮನೆಯ ಕಥೆ. ‘ಇನ್ನೊಂದು’ ಎಂಬ ಪದ ನೋಡಿ. ಇಷ್ಟು ಹೊತ್ತು ತನ್ನನ್ನು ಏಸು ಎಂದುಕೊಂಡವನು ಕೊನೆಗೆ, ನನ್ನದು ಹತ್ತರಲ್ಲಿ ಹನ್ನೊಂದನೆಯದು ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೆಯೇ ಅವನಿಗೆ ಕಾಲು ಬರುವುದು. ಈ ಗೆರೆಯವರೆಗೆ ಎಷ್ಟೋ ಸಲ ಬಂದಿದ್ದೇನೆ, ಈ ಸಲ ನಿಲ್ಲುವುದಿಲ್ಲ ಎಂದು ಹೊರಡುತ್ತಾನೆ. ಇಲ್ಲದೇ ಇರುವ ಈ ಊರಿಗೆ ನನ್ನ ನಂಬಿಕೆ ಸೋತೆ ಎಂಬ ಅರ್ಥದ ಒಂದು ಮಾತು ಅಲ್ಲಿ ಬರುತ್ತದೆ. ಬಹಳ ವರ್ಷ ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ರೊಡೇಯೊಗೆ ನಗರಸಭೆಯೇ ಇಲ್ಲ. ಮೇಯರ್ ಇಲ್ಲ. ಕಾಗದದ ಮೇಲೆ ಅದು ಊರೇ ಅಲ್ಲ, ಜನಗಣತಿಯವರು ಗುರುತಿಗಾಗಿ ಗೆರೆ ಎಳೆದ ಒಂದು ಜಾಗ, ಆಡಳಿತವೆಲ್ಲ ಕೌಂಟಿಯದು. ಹಾಡು ಬರೆದವನು ಇದನ್ನೇ ಮನಸ್ಸಿನಲ್ಲಿಟ್ಟಿದ್ದ ಎಂದು ನಾನು ಆಣೆ ಮಾಡಲಾರೆ. ಆ ಇಳಿಜಾರಿನಲ್ಲಿ ಕಾರು ಓಡಿಸುವಾಗ ಮಾತ್ರ ನನಗೆ ಆ ಸಾಲು ಬೇರೆ ಹೇಗೂ ಕೇಳಿಸುವುದಿಲ್ಲ.

ಈ ಹಾಡು ನನ್ನನ್ನು ಹಿಡಿದುಕೊಂಡದ್ದು ಸಾಹಿತ್ಯದಿಂದಲ್ಲ, ಅಷ್ಟು ಇಂಗ್ಲಿಷ್ ನನಗೆ ಆಗ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದರ ಕಟ್ಟುವಿಕೆಯಿಂದ. ನಾವು ಹಾಡು ಕೇಳಿ ಬೆಳೆದದ್ದು ಪಲ್ಲವಿ ಕಾಯುತ್ತಾ. ಚರಣ ಎಷ್ಟೇ ಮೇಲೆ ಹೋಗಲಿ, ಎಷ್ಟೇ ಕಣ್ಣೀರು ಹಾಕಿಸಲಿ, ಕೊನೆಯ ಸಾಲಿನಲ್ಲಿ ಒಂದು ತಿರುವು ತೆಗೆದುಕೊಂಡು ಪಲ್ಲವಿಗೆ ಇಳಿಯುತ್ತದೆ, ಎದೆ ಹಗುರಾಗುತ್ತದೆ. ಪಾಶ್ಚಾತ್ಯರ ಕೋರಸ್ಸೂ ಅದೇ. ರಾಗಮಾಲಿಕೆ ಕೂಡ ಎಷ್ಟು ರಾಗ ಸುತ್ತಿದರೂ, ಎಷ್ಟೋ ಕೃತಿಗಳಲ್ಲಿ ಚಿಟ್ಟೆಸ್ವರದ ಮೆಟ್ಟಿಲು ಹಿಡಿದು, ಬಂದ ರಾಗಗಳನ್ನೆಲ್ಲ ಹಿಂದುಹಿಂದಕ್ಕೆ ಮುಟ್ಟಿಕೊಂಡು ಮನೆ ಸೇರುತ್ತದೆ. ಪಲ್ಲವಿ ಅಂದರೆ ಮನೆ. ಅಮ್ಮನಿಗೆ ಹೋಗ್ತೀನಿ ಅಂದರೆ “ಬರ್ತೀನಿ ಅನ್ನೋ” ಎಂದು ಹೊಸ್ತಿಲಲ್ಲೇ ತಿದ್ದುತ್ತಿದ್ದಳು. ನಮ್ಮ ಬೀಳ್ಕೊಡುವ ಮಾತಿನಲ್ಲೇ ಪಲ್ಲವಿ ಇದೆ.

ಈ ಹಾಡಿನಲ್ಲಿ ಒಂದು ಭಾಗ ಮುಗಿದರೆ ಮುಗಿಯಿತು. ಸೋಫಾ ಬಿಟ್ಟ ಮೇಲೆ ಸೋಫಾದ ರಾಗ ಇಲ್ಲ. ಪಾರ್ಕಿಂಗ್ ಲಾಟು ದಾಟಿದ ಮೇಲೆ ಅದರ ರಾಗವೂ ಇಲ್ಲ. ಒಂದೊಂದು ಭಾಗವೂ ತನ್ನೊಳಗೆ ಎರಡು ಸಲ ತಿರುಗಿ ನೋಡಬಹುದು, ಆಮೇಲೆ ಬಾಗಿಲು ಹಾಕಿಕೊಳ್ಳುತ್ತದೆ. ಐದೂ ಬಾಗಿಲು ಹಾಗೇ. ಕೇಳುತ್ತಾ ಕೇಳುತ್ತಾ ಮೊದಲ ಭಾಗದ ಆ ಹಳೆಯ ಪ್ರೇಮಗೀತೆಯ ನಡೆ ಮತ್ತೆ ಯಾವಾಗ ಬಂದೀತು ಎಂದು ಕಿವಿ ಕಾಯುತ್ತದೆ. ಬರುವುದಿಲ್ಲ. ಮನೆ ಬಿಟ್ಟು ಹೋದೆ ಎಂದು ಅವನು ಬಾಯಲ್ಲಿ ಹೇಳುವುದಕ್ಕೆ ಬಹಳ ಮೊದಲೇ ಹಾಡು ಮನೆ ಬಿಟ್ಟಾಗಿರುತ್ತದೆ. ಅದನ್ನು ಮೂರು ನಿಮಿಷದ ಹಾಡಿನಲ್ಲಿ ಮಾಡಲಾಗುವುದಿಲ್ಲ. ಮೊದಲಿನದನ್ನು ಕೇಳುಗ ಮರೆಯಲು ಒಂಬತ್ತು ನಿಮಿಷ ಬೇಕು.

ಬ್ಯಾಂಡಿಗೂ ತನ್ನ ಮನೆಯ ಕಥೆ ಒಂದಿದೆ. ಇವರು ಬೆಳೆದದ್ದು ಬರ್ಕ್ಲಿಯ 924 ಗಿಲ್ಮನ್ ಎಂಬ ಜಾಗದಲ್ಲಿ. 1986ರ ಕೊನೆಯ ದಿನ ಬಾಗಿಲು ತೆರೆದ, ಸ್ವಯಂಸೇವಕರೇ ನಡೆಸುವ ಒಂದು ಹಳೇ ಗೋದಾಮು. ಕುಡಿತ ಇಲ್ಲ, ಹೊಡೆದಾಟ ಇಲ್ಲ, ದೊಡ್ಡ ಕಂಪನಿಗಳ ಜತೆ ಕರಾರು ಮಾಡಿಕೊಂಡ ಬ್ಯಾಂಡಿಗೆ ವೇದಿಕೆ ಇಲ್ಲ. ಗ್ರೀನ್ ಡೇ ಕರಾರು ಮಾಡಿಕೊಂಡಿತು, ಬಾಗಿಲು ಮುಚ್ಚಿತು. ಮತ್ತೆ ಆ ವೇದಿಕೆ ಹತ್ತಿದ್ದು 2015ರ ಮೇ ತಿಂಗಳಲ್ಲಿ, ಬೆಂಕಿ ಅನಾಹುತಕ್ಕೆ ಸಿಕ್ಕಿದ ಒಂದು ಪ್ರಕಾಶನ ಮತ್ತು ಮುದ್ರಣಾಲಯಕ್ಕೆ ಸಹಾಯಾರ್ಥ ಕಛೇರಿಯಲ್ಲಿ. ಎರಡು ದಶಕ ಊರಿನಿಂದ ಹೊರಗಿದ್ದವರು. ಹಾಡಿನ ಐದನೇ ಭಾಗ ಬರೆಯಲು ಬಿಲ್ಲಿ ಜೋ ಬಾಲ್ಯಕ್ಕೆ ಮಾತ್ರ ಹೋಗಬೇಕಾಗಿರಲಿಲ್ಲ ಎಂದು ನನ್ನ ಅನಿಸಿಕೆ.

ಆಲ್ಬಮ್ಮನ್ನು ಜನ ನೆನಪಿಟ್ಟುಕೊಂಡಿರುವುದು ಇರಾಕ್ ಯುದ್ಧಕ್ಕೆ, ಬುಷ್‌ಗೆ. ಶೀರ್ಷಿಕೆ ಹಾಡಿನ ಮಟ್ಟಿಗೆ ಅದು ಸರಿ. ಬುಷ್ ಹೋದ ಮೇಲೂ ಈ ಎರಡನೆಯ ಹಾಡು ಬಾಡಲಿಲ್ಲ, ಯಾಕೆಂದರೆ ಪಾರ್ಕಿಂಗ್ ಲಾಟು ಅಲ್ಲೇ ಇದೆ. 2005ರಲ್ಲಿ ಇದಕ್ಕೊಂದು ಉದ್ದನೆಯ ವೀಡಿಯೋ ಬಂತು, ಸ್ಯಾಮುಯೆಲ್ ಬೇಯರ್ ನಿರ್ದೇಶನ, ಬಹಳ ಮೆಚ್ಚುಗೆ ಪಡೆಯಿತು. ನಾನು ಒಂದೇ ಸಲ ನೋಡಿದ್ದು. ಹುಡುಗನಿಗೆ ಒಂದು ಮುಖ ಬಂದುಬಿಟ್ಟಿತು, ಅಷ್ಟು ಸಾಕು. 2010ರಲ್ಲಿ ಆಲ್ಬಮ್ಮೇ ಬ್ರಾಡ್‌ವೇ ನಾಟಕವಾಯಿತು, ಅದನ್ನು ನೋಡಿಲ್ಲ. ಮೊನ್ನೆ 2025ರ ಮಾರ್ಚಿನಲ್ಲಿ ಗ್ರೀನ್ ಡೇ ಮೊದಲ ಸಲ ಭಾರತಕ್ಕೆ, ಮುಂಬೈಗೆ ಬಂದಾಗ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಹೋಗಿದ್ದ. “ಮಾವ, ನಿಮ್ಮೂರಿನವರು ಬಂದಿದ್ರು” ಅಂತ ವಾಟ್ಸ್ಆ್ಯಪ್ ಮಾಡಿದ್ದ. ನಮ್ಮೂರು!

ಒಂದು ಮಾತು ಉಳಿಸಿಕೊಂಡಿದ್ದೆ. ಇಡೀ ಒಂಬತ್ತು ನಿಮಿಷ ಹುಡುಗ ‘ನಾನು’ ‘ನಾನು’ ಎನ್ನುತ್ತಾನೆ. ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಮನೆ ಬಿಡುವವನು ‘ನೀನು’ ಆಗುತ್ತಾನೆ. ನೀನು ಹೊರಟೆ, ನೀನು ಹೊರಟೆ, ಮನೆ ಬಿಟ್ಟು ಹೊರಟೆ. ನಾನು ಹೊರಟೆ ಎನ್ನಬೇಕಲ್ಲ? 1967ರ ಬೀಟಲ್ಸ್ ಹಾಡೊಂದರಲ್ಲಿ ಮಗಳು ಮನೆ ಬಿಟ್ಟು ಹೋಗುತ್ತಾಳೆ, ಅಲ್ಲಿ ‘ಅವಳು’, ಅಪ್ಪ-ಅಮ್ಮನ ಅಳಲೂ ಬೇರೆ ದನಿಯಲ್ಲಿ ಕೇಳಿಸುತ್ತದೆ. ಇಲ್ಲಿ ದನಿ ಒಂದೇ. ಹುಡುಗ ತನ್ನನ್ನೇ ಹೊರಗಿನಿಂದ ನೋಡಿಕೊಳ್ಳುತ್ತಿದ್ದಾನೆ, ಬಸ್ಸಿನ ಕಿಟಕಿ ಗಾಜಿನಲ್ಲಿ ಕಂಡ ಮುಖಕ್ಕೆ ಹೇಳಿಕೊಳ್ಳುತ್ತಿದ್ದಾನೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನನಗೇ ಹಾಗೆ ಆಗಿತ್ತಾದ್ದರಿಂದ ಬೇರೆ ಅರ್ಥ ಹುಡುಕಲು ಹೋಗಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಗ್ರೀನ್ ಡೇ ಸ್ಯಾನ್ ಫ್ರಾನ್ಸಿಸ್ಕೊದ ಓರೇಕಲ್ ಪಾರ್ಕ್ ಬೇಸ್‌ಬಾಲ್ ಮೈದಾನಕ್ಕೆ ಬಂದಿತ್ತು. ‘ಡೂಕಿ’ಗೆ 30, ‘ಅಮೆರಿಕನ್ ಈಡಿಯಟ್’ಗೆ 20 ವರ್ಷ, ಎರಡನ್ನೂ ಪೂರ್ತಿ ನುಡಿಸುವ ತಿರುಗಾಟ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಹದಿನೇಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಅವಳ ಶಾಲೆಯ ದಾರಿಯಲ್ಲೇ ಒಂದು ಸೆವೆನ್-ಇಲೆವೆನ್. ನನ್ನ ಈ ಹಾಡಿನ ವ್ಯಾಖ್ಯಾನಗಳನ್ನು ಎಷ್ಟೋ ವರ್ಷದಿಂದ ಕೇಳಿ ಸಾಕಾದವಳು. ಮೈದಾನ ಪೂರ್ತಿ ‘ಐ ಡೋಂಟ್ ಕೇರ್’ ಎಂದು ಅರಚುವಾಗ ಅವಳು ಫೋನಿನಲ್ಲಿ ಏನೋ ಟೈಪು ಮಾಡುತ್ತಿದ್ದಳು. “ತುಂಬಾ ಉದ್ದ ಅಪ್ಪ” ಅಂದಳು ಮುಗಿದ ಮೇಲೆ, ಅಷ್ಟೇ.

ಓಕ್‌ಲ್ಯಾಂಡಿನಲ್ಲಿ ರೈಲು ಬದಲಿಸಿ, ನಿಲ್ದಾಣದಲ್ಲಿ ಬಿಟ್ಟಿದ್ದ ಕಾರು ಹತ್ತಿ ಮನೆ ಕಡೆ ಹೊರಟಾಗ ಮಧ್ಯರಾತ್ರಿ ಸಮೀಪಿಸಿತ್ತು. ಹೆದ್ದಾರಿ ಖಾಲಿ. ಅರ್ಜಿ ಹಾಕುತ್ತಿರುವ ಕಾಲೇಜುಗಳ ಬಗ್ಗೆ ಏನೋ ಮಾತು ಬಂತು, ಒಂದೂ ಹತ್ತಿರದ್ದಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿಟಕಿ ಕಡೆ ನೋಡುತ್ತಾ ಕೇಳಿದಳು:

“ಲಾಸ್ಟಲ್ಲಿ ಯೂ ಆರ್ ಲೀವಿಂಗ್ ಅಂತ ಬರತ್ತಲ್ಲ, ಅದು ಅವನ ಅಮ್ಮ ಹೇಳ್ತಿರೋದು ತಾನೇ?”

ಅಲ್ಲ ಅಂದೆ. ಅವನೇ ತನಗೆ ಹೇಳಿಕೊಳ್ಳೋದು. ಅಮ್ಮ ಮನೇಲೇ ಇರಲ್ಲ, ಮೊದಲನೇ ಭಾಗದಲ್ಲೇ ಹೇಳಿದಾನಲ್ಲ, ಎಲ್ಲರೂ ಹೊರಗೆ ಹೋಗಿದಾರೆ ಅಂತ.

“ವಾಪಸ್ ಬಂದಿರಬಹುದಲ್ಲಾ ಅಪ್ಪ” ಅಂದಳು. “ಒಂಬತ್ತು ನಿಮಿಷ ಆಗಿದೆ.”